ಹೂಮಳೆಯ ಲೆಕ್ಕ, ಮುಂಗಡದ ಲೆಕ್ಕ



ಕಾಫಿಯ ಚರಿತ್ರೆ ಹೇಳುವುದಕ್ಕೆ ನಮ್ಮಲ್ಲಿ ಒಂದು ಸಿದ್ಧ ದಾರಿ ಇದೆ. ಮೊದಲು ಬಾಬಾಬುಡನ್ ಅವರ ಏಳು ಬೀಜ, ಆಮೇಲೆ ಇಂಗ್ಲಿಷ್ ದೊರೆಗಳ ತೋಟ, ಕೊನೆಗೆ ಹಿತ್ತಾಳೆ ಲೋಟದ ಫಿಲ್ಟರ್ ಕಾಫಿ. ಮೂರು ಹೆಜ್ಜೆಯಲ್ಲಿ ಮುನ್ನೂರು ಚಿಲ್ಲರೆ ವರ್ಷ ಮುಗಿದುಹೋಗುತ್ತದೆ. ಈ ಕಥೆಯಲ್ಲಿ ಬೀಜ ತಂದವರಿದ್ದಾರೆ, ತೋಟ ಮಾಡಿಸಿದವರಿದ್ದಾರೆ, ಕುಡಿದವರಿದ್ದಾರೆ. ಹಣ್ಣು ಕೊಯ್ದವರು ಮಾತ್ರ ಇಲ್ಲ. ಅವರನ್ನು ಹುಡುಕಬೇಕಾದರೆ ದೊರೆಗಳ ಡೈರಿಗಿಂತ ಮೊದಲು ಗಿಡವನ್ನೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಕೂಲಿಯವರು ಯಾವ ತಿಂಗಳು ಮನೆ ಬಿಡಬೇಕು, ಎಷ್ಟು ದಿನ ನಿಲ್ಲಬೇಕು, ಯಾರಿಗೆ ಎಷ್ಟು ಸಾಲಗಾರರಾಗಬೇಕು ಎಂಬುದನ್ನೆಲ್ಲ ಬಹುಮಟ್ಟಿಗೆ ಗೊತ್ತುಮಾಡಿದ್ದು ಕಾಫಿ ಗಿಡ ಹೂ ಬಿಡುವ ರೀತಿ.

ಆದರೂ ಏಳು ಬೀಜದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅವು ಬಂದದ್ದು ನಾವು ಈಗ ಸೇರಿರುವ ಕಡೆಯಿಂದ. 17ನೇ ಶತಮಾನದಲ್ಲಿ ಜಗತ್ತಿನ ಕಾಫಿ ವ್ಯಾಪಾರವೆಂದರೆ ಯೆಮನ್ ದೇಶದ ಬಂದರುಗಳು, ಅದರಲ್ಲೂ ಕೆಂಪು ಸಮುದ್ರದ ದಂಡೆಯ ಮೋಖಾ. ಹಜ್ ಯಾತ್ರೆ ಮುಗಿಸಿ ಬರುವಾಗ ಬಾಬಾಬುಡನ್ ಅವರು ಅಲ್ಲಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬುದು ಬಾಯಿಂದ ಬಾಯಿಗೆ ಬಂದ ಮಾತು. ದಾಖಲೆ ಕೇಳುವವರು ಇದನ್ನು ದಂತಕಥೆ ಎನ್ನಬಹುದು. ಆದರೆ ಸಸ್ಯಶಾಸ್ತ್ರ ಈ ಕಥೆಗೆ ಅಡ್ಡ ಬರುವುದಿಲ್ಲ. ಅರೇಬಿಕಾ ಕಾಫಿಯ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು; ಒಂಟಿ ಗಿಡವಿದ್ದರೂ ಫಲ ಬರುತ್ತದೆ. ಅದೇ ರೋಬಸ್ಟಾ ಆಗಿದ್ದರೆ, ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತಂದು ಮುಟ್ಟಿಸದೆ ಕಾಯಿ ನಿಲ್ಲುತ್ತಿರಲಿಲ್ಲ. ಏಳು ಬೀಜದಿಂದ ಒಂದು ಸೀಮೆಯ ತೋಟ ಹುಟ್ಟಬಹುದು ಎಂಬುದು ಅರೇಬಿಕಾದ ಮಟ್ಟಿಗೆ ನಂಬತಕ್ಕ ಮಾತೇ. ಆದರೆ ಹೀಗೆ ಕೆಲವೇ ಬೀಜದಿಂದ ಹರಡಿದ ಗಿಡಗಳೆಲ್ಲ ಒಂದೇ ತೆರನಾಗಿರುತ್ತವೆ. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ. ಇದರ ಬೆಲೆಯನ್ನು ನಮ್ಮ ಮಲೆನಾಡು 200 ವರ್ಷ ಕಳೆದ ಮೇಲೆ ತೆತ್ತಿತು.

ಈಗ ಗಿಡಕ್ಕೆ ಬರೋಣ. ಕಾಫಿ ಹೂವೆಂದರೆ ಮಾರ್ಚ್ ತಿಂಗಳ ನೆನಪು ಬರುತ್ತದೆ; ಆದರೆ ಮೊಗ್ಗಿನ ಕೆಲಸ ಅದಕ್ಕೂ ಬಹಳ ಮೊದಲೇ ಶುರುವಾಗಿರುತ್ತದೆ. ಮಳೆಗಾಲ ಹಿಂದೆ ಸರಿದು ಹಗಲು ಕಿರಿದಾಗುತ್ತ ಬಂದಾಗ, ಆ ವರ್ಷ ಬೆಳೆದ ಎಳೆಯ ರೆಂಬೆಗಳ ಗೆಣ್ಣುಗಳಲ್ಲಿ, ಎಲೆಯ ಬುಡದಲ್ಲಿ ಮೊಗ್ಗು ಮೂಡುತ್ತದೆ. ಅಕ್ಕಿಕಾಳಿನಷ್ಟು ಬೆಳೆದು ಅಲ್ಲಿಗೇ ನಿಂತುಬಿಡುತ್ತದೆ. ಡಿಸೆಂಬರ್, ಜನವರಿಯ ಒಣಹವೆಯಲ್ಲಿ ನೋಡಿದರೆ ಗಿಡ ಮಲಗಿದ ಹಾಗೆ ಕಾಣುತ್ತದೆ. ಈ ಬಾಯಾರಿಕೆ ಅದಕ್ಕೆ ಬೇಕೇ ಬೇಕು. ಒಣಗಿ ಕಾದ ಮೊಗ್ಗಿಗೆ ಒಂದು ಒಳ್ಳೆಯ ಮಳೆ ಬಿದ್ದರೆ ನಿದ್ದೆ ಒಡೆಯುತ್ತದೆ, ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಒಂದೇ ಬೆಳಗ್ಗೆ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೂ ಬರುತ್ತದೆ. ಎರಡು ಮೂರು ದಿನಕ್ಕೆ ಹೂವು ಕಂದಿ ಉದುರುತ್ತದೆ.

ಆ ಮಳೆಗೆ ಹೂಮಳೆ ಎಂದು ಹೆಸರು. ರೋಬಸ್ಟಾಕ್ಕೆ ಫೆಬ್ರವರಿ, ಮಾರ್ಚಿನಲ್ಲಿ ಬೇಕು, ಅರೇಬಿಕಾಕ್ಕೆ ಮಾರ್ಚ್, ಏಪ್ರಿಲಿನಲ್ಲಿ. ಒಂದು ಇಂಚು, ಒಂದೂವರೆ ಇಂಚು ಬಿದ್ದರೆ ಬೆಳೆಗಾರ ನೆಮ್ಮದಿಯಿಂದ ಮಲಗುತ್ತಾನೆ. ತೋಟದವರು ಇವತ್ತಿಗೂ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಲೆಕ್ಕ ಹಾಕುತ್ತಾರೆ; ಐವತ್ತು ಸೆಂಟು ಎಂದರೆ ಅರ್ಧ ಇಂಚು. ಅಷ್ಟೇ ಬಿದ್ದು ನಿಂತರೆ ಮಳೆ ಬರದಿದ್ದುದಕ್ಕಿಂತ ಕಷ್ಟ. ಮೊಗ್ಗು ಅರ್ಧ ಉಬ್ಬಿ, ಅರಳಲೂ ಆಗದೆ ಹಿಂದಕ್ಕೂ ಹೋಗಲಾಗದೆ ಬಾಡುತ್ತದೆ. ಹೂವು ಅರಳಿದ ದಿನವೇ ಮಳೆ ಬಿದ್ದರೆ ಪರಾಗ ತೊಳೆದುಹೋಗುತ್ತದೆ. ಅರಳಿ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬಂದು ಕಾಯಿಯನ್ನು ಹಿಡಿದು ನಿಲ್ಲಿಸಬೇಕು. ಇಷ್ಟೆಲ್ಲ ಆಗಬೇಕಾದದ್ದು ವರ್ಷದಲ್ಲಿ ಕೆಲವೇ ವಾರದೊಳಗೆ.

ಇನ್ನು ನನ್ನ ಮಾತಿಗೆ ಮುಖ್ಯವಾದ ಸಂಗತಿ. ಹೂಮಳೆ ಒಂದೇ ಸಲ ಬರಬೇಕೆಂದಿಲ್ಲ. ಮೊದಲ ಮಳೆಗೆ ಬಲಿತಿದ್ದ ಮೊಗ್ಗುಗಳು ಅರಳುತ್ತವೆ, ಉಳಿದವು ಇನ್ನೊಂದು ಮಳೆಗೆ ಕಾಯುತ್ತವೆ. ಹೀಗೆ ಒಂದೇ ರೆಂಬೆಯಲ್ಲಿ ಎರಡು ಮೂರು ಬಾರಿ ಹೂವಾದರೆ ಎಂಟು ಒಂಬತ್ತು ತಿಂಗಳ ನಂತರ ಅದೇ ರೆಂಬೆಯಲ್ಲಿ ಹಸಿರು ಕಾಯಿ, ಅರೆಹಣ್ಣು, ಕೆಂಪು ಹಣ್ಣು ಒಟ್ಟಿಗೆ ಕೂತಿರುತ್ತವೆ. ಭತ್ತದ ಹಾಗೆ ಒಂದೇ ಸಾರಿ ಕುಯ್ದು ಮುಗಿಸುವಂತಿಲ್ಲ. ಕೆಂಪಾದದ್ದನ್ನು ಮಾತ್ರ ಬೆರಳಿಂದ ಬಿಡಿಸಿಕೊಂಡು, ಹಸಿರನ್ನು ಬಿಟ್ಟು, ಹತ್ತು ಹದಿನೈದು ದಿನಕ್ಕೆ ಮತ್ತೆ ಅದೇ ಗಿಡಕ್ಕೆ ಬರಬೇಕು. ಮೊದಲ ಸುತ್ತಿಗೆ ತೋಟಗಳಲ್ಲಿ ಫ್ಲೈ ಪಿಕಿಂಗ್ ಎನ್ನುತ್ತಾರೆ, ಆಮೇಲೆ ದೊಡ್ಡ ಕುಯ್ಲು, ಕೊನೆಗೆ ಉಳಿದದ್ದನ್ನೆಲ್ಲ ಸೋರಿಸಿ ತೆಗೆಯುವ ಸ್ಟ್ರಿಪ್ಪಿಂಗ್. ಅದಾದ ಮೇಲೂ ನೆಲಕ್ಕೆ ಉದುರಿದ್ದನ್ನು ಆರಿಸಬೇಕು. ಬಿಟ್ಟ ಹಣ್ಣಿನಲ್ಲಿ ಕಾಯಿಕೊರಕ ಕೂತುಕೊಂಡು ಮುಂದಿನ ವರ್ಷದ ಬೆಳೆಗೆ ಕಾಯುತ್ತದೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಈ ಕೀಟ ನಮ್ಮ ದೇಶದಲ್ಲಿ ಮೊದಲಿಗೆ ಕಂಡ ಮೇಲಂತೂ ಈ ಆರಿಸುವ ಕೆಲಸ ಕಡ್ಡಾಯದಂತಾಗಿದೆ. ಕೊಯ್ದ ಹಣ್ಣು ಕಾಯುವುದಿಲ್ಲ, ಅದೇ ದಿನ ಪಲ್ಪರಿಗೆ ಹೋಗಬೇಕು. ಐದಾರು ಕಿಲೋ ಹಣ್ಣು ಕೊಯ್ದರೆ ಕೊನೆಗೆ ಕೈಗೆ ಸಿಗುವುದು ಒಂದು ಕಿಲೋ ಬೀಜ.

ಮಾರ್ಚಿನಲ್ಲಿ ಮಳೆ ಚೆದುರಿ ಬಿದ್ದರೆ ನವೆಂಬರಿನಿಂದ ಜನವರಿವರೆಗೆ ಸುತ್ತು ಹೆಚ್ಚು, ಆಳೂ ಹೆಚ್ಚು ಬೇಕು. ಮಾರ್ಚಿನಲ್ಲಿ ಒಂದೇ ಏಟಿಗೆ ಹೂವಾದರೆ ಹಣ್ಣೂ ಒಟ್ಟಿಗೆ ಬರುತ್ತದೆ, ಆಗ ಇದ್ದಷ್ಟು ಕೈಯೂ ಒಂದೇ ವಾರ ಬೇಕು. ಎರಡರಲ್ಲಿ ಯಾವುದೇ ಆದರೂ ತೋಟದ ಯಜಮಾನ ಹೂವು ನೋಡಿಯೇ ಬೆಳೆಯ ಅಂದಾಜು ಮಾಡುತ್ತಿದ್ದ, ಬೆಳೆಯ ಅಂದಾಜಿನಿಂದ ಆಳಿನ ಅಂದಾಜು. ಹಣ್ಣಿಗೆ ಇನ್ನೂ ಎಂಟು ತಿಂಗಳಿರುವಾಗಲೇ ಆಳು ಗೊತ್ತುಮಾಡಬೇಕಿತ್ತು. ಮುಂಗಡ ಎಂಬ ಪದ ಕಾಫಿಯ ಚರಿತ್ರೆಯಲ್ಲಿ ಇಷ್ಟು ದೊಡ್ಡದಾದದ್ದು ಹೀಗೆ.

ಸುಮಾರು 19ನೇ ಶತಮಾನದ ಆರಂಭದವರೆಗೆ ಕಾಫಿ ನಮ್ಮಲ್ಲಿ ಬೆಟ್ಟದ ಮಗ್ಗುಲ, ಹಿತ್ತಿಲ ಗಿಡವಾಗಿತ್ತು. ಮನೆಯವರೇ ಕೊಯ್ಯುತ್ತಿದ್ದರು. ಆಮೇಲೆ ಕಾಡು ಕಡಿದು ನೂರಾರು ಎಕರೆ ತೋಟ ಮಾಡುವ ಕಾಲ ಬಂತು. ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರು ಮಂಜರಾಬಾದಿಗೆ, ಅಂದರೆ ಈಗಿನ ಸಕಲೇಶಪುರದ ಕಡೆಗೆ, 1856ರಲ್ಲಿ ಬಂದು ನೆಲೆಸಿದ. ಕೊಡಗಿನಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ತೋಟ ತೆರೆದದ್ದು 1854ರಲ್ಲಿ. ಹೊಸಬರು ಬೆಳೆ ಹೆಚ್ಚಲೆಂದು ಹಲವು ಕಡೆ ಮರದ ನೆರಳನ್ನೆಲ್ಲ ತೆಗೆದುಹಾಕಿದರು. ಬಿಸಿಲು ಬಿದ್ದ ಅರೇಬಿಕಾ ಕಾಂಡಕ್ಕೆ ಬಿಳಿ ಕಾಂಡಕೊರಕ ನುಗ್ಗಿತು. 1860ರ ದಶಕದ ಮಧ್ಯಭಾಗದಲ್ಲಿ ಕೊಡಗಿನ ಬಿದಿರು ಸೀಮೆಯ ತೋಟಗಳು ಒಣಗಿದವು. 1869ರಲ್ಲಿ ಸಿಲೋನಿನಲ್ಲಿ ಕಂಡ ಎಲೆತುಕ್ಕು ರೋಗ ಬೇಗನೆ ಇಲ್ಲಿಗೂ ಬಂತು. ಸಿಲೋನಿನವರು ಕಾಫಿ ಕಿತ್ತು ಚಹಾ ಹಾಕಿದರು, ನಮ್ಮವರು ನೆರಳಿಗೆ ಮರಳಿ ಕಾಫಿಯನ್ನೇ ಹಿಡಿದುಕೊಂಡರು. ಏಳು ಬೀಜದ ಬೆಲೆ ಎಂದೆನಲ್ಲ, ಅದು ಇದು. ರೋಗದ ಮಾತು ಬಂತೆಂದು ಇನ್ನೊಂದು ಸಂಗತಿ: ಮುಂಗಾರಿನ ಜಡಿಮಳೆಯಲ್ಲಿ ಎಲೆ ಕಾಯಿ ಕೊಳೆಯುವುದಕ್ಕೆ ನಮ್ಮ ರೈತರು ಕೊಳೆರೋಗ ಎನ್ನುತ್ತಿದ್ದರು. 1870ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಆ ಶಿಲೀಂಧ್ರಕ್ಕೆ ಹೆಸರಿಡುವಾಗ ಕೊಳೆರೋಗ ಎಂಬ ಕನ್ನಡ ಪದವನ್ನೇ ಲ್ಯಾಟಿನ್ ಹೆಸರಿನೊಳಗೆ ಸೇರಿಸಿದ. ಪದವನ್ನು ಹುಟ್ಟಿಸಿದ ಕೂಲಿಯವನ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಘಟ್ಟದ ಮೇಲೆ ಅಷ್ಟು ತೋಟಕ್ಕೆ ಆಗುವಷ್ಟು ಜನ ಇರಲಿಲ್ಲ. ಜನ ಇದ್ದದ್ದು ಬಯಲುಸೀಮೆಯ ಹಳ್ಳಿಗಳಲ್ಲಿ, ತಮಿಳು ಜಿಲ್ಲೆಗಳಲ್ಲಿ, ಮತ್ತು ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ. ಅವರನ್ನು ಮೇಲಕ್ಕೆ ತಂದವನು ಮೇಸ್ತ್ರಿ. ಯಜಮಾನನಿಂದ ಹಣ ಪಡೆದು ಮೇಸ್ತ್ರಿ ಹಳ್ಳಿಗೆ ಬರುತ್ತಿದ್ದ. ಮದುವೆ, ಬಾಕಿ ಗೇಣಿ, ಮಳೆಗಾಲದ ಹಸಿವು, ಏನಿದ್ದರೂ ಅವನ ಕೈಯಲ್ಲಿ ರೊಕ್ಕ ಇರುತ್ತಿತ್ತು. ತೆಗೆದುಕೊಂಡವರು ಊರಿನ ಬೆಳೆ ಕುಯ್ದು ಮುಗಿಸಿ ಘಟ್ಟ ಹತ್ತಬೇಕು, ಕಾಫಿ ಕುಯ್ಲು ಮುಗಿಸಿ, ಕಸಿ, ಮರಗಸಿ, ಗುಂಡಿ ತೆಗೆಯುವುದು ಎಂದು ಉಳಿದ ಕೆಲಸ ಮಾಡಿ, ಮುಂಗಾರಿಗೆ ಮೊದಲು ಇಳಿಯಬೇಕು. ಕೂಲಿಯಲ್ಲಿ ಮುಂಗಡ ಮುರಿದುಕೊಳ್ಳುತ್ತಿದ್ದರು. ಮೇಸ್ತ್ರಿಗೆ ತಾನು ತಂದ ಆಳುಗಳ ಕೆಲಸದ ದಿನದ ಮೇಲೆ ಕಮಿಷನ್. ಜ್ವರದಲ್ಲಿ ಮಲಗಿದ ದಿನ ಕೂಲಿಯವನಿಗೂ ಇಲ್ಲ, ಮೇಸ್ತ್ರಿಗೂ ಇಲ್ಲ. ಮಲೆನಾಡಿನಲ್ಲಿ ಆಗ ಮಲೇರಿಯಾದ ಕಾಟ. ಹಾಗಾಗಿ ಲೆಕ್ಕ ತೀರದೆ ಉಳಿಯುವುದು, ಮುಂದಿನ ವರ್ಷಕ್ಕೆ ದಾಟುವುದು ಅಪರೂಪವಾಗಿರಲಿಲ್ಲ.

ಇಲ್ಲಿ ನಿಂತು ಯೋಚಿಸಬೇಕಾದ ಮಾತೊಂದಿದೆ. ಯಜಮಾನನೂ ಸಾಲದಲ್ಲೇ ತೋಟ ನಡೆಸುತ್ತಿದ್ದ. ಕರಾವಳಿಯ ಕಾಫಿ ಕ್ಯೂರಿಂಗ್ ಕಂಪನಿಗಳು, ಮಂಗಳೂರಿನ ಪಿಯರ್ಸ್ ಲೆಸ್ಲಿಯಂಥವು, ಬರುವ ಬೆಳೆಯ ಮೇಲೆ ತೋಟಗಳಿಗೆ ಹಣ ಕೊಡುತ್ತಿದ್ದವು. ಕಂಪನಿ ಯಜಮಾನನಿಗೆ, ಯಜಮಾನ ಮೇಸ್ತ್ರಿಗೆ, ಮೇಸ್ತ್ರಿ ಕೂಲಿಯವನಿಗೆ. ಎಲ್ಲರೂ ಇನ್ನೂ ಹಣ್ಣಾಗದ ಹಣ್ಣಿನ ಮೇಲೆ ಬದುಕುತ್ತಿದ್ದವರೇ. ಹೂಮಳೆ ಕೈಕೊಟ್ಟರೆ ಎಲ್ಲರಿಗೂ ನಷ್ಟ. ಆದರೆ ತೀರಿಸದೆ ಹೋದರೆ ಜೈಲಿಗೆ ಹೋಗಬೇಕಾದವನು ಸರಪಳಿಯ ಕೊನೆಯವನು ಮಾತ್ರ.

ಜೈಲು ಎಂದದ್ದು ಅಲಂಕಾರದ ಮಾತಲ್ಲ. 1859ರ 13ನೇ ಕಾಯಿದೆ ಎಂದು ಒಂದಿತ್ತು. ಕೆಲಸಗಾರರು ಕರಾರು ಮುರಿಯುವುದನ್ನು ತಡೆಯುವ ಕಾಯಿದೆ. ಮೊದಲು ಕಲ್ಕತ್ತಾ, ಮದರಾಸು, ಬೊಂಬಾಯಿ ಪಟ್ಟಣಗಳ ಕುಶಲಕರ್ಮಿಗಳಿಗೆಂದು ಮಾಡಿದ್ದನ್ನು ಆಮೇಲೆ ತೋಟಗಳ ಸೀಮೆಗಳಿಗೂ ಹಬ್ಬಿಸಿದರು. ಮುಂಗಡ ಪಡೆದವನು ಕೆಲಸಕ್ಕೆ ಬರದಿದ್ದರೆ ಯಜಮಾನ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಹಣ ವಾಪಸು ಕೊಡು, ಇಲ್ಲವೇ ಕೆಲಸ ಮಾಡು ಎಂದು ಆಜ್ಞೆಯಾಗುತ್ತದೆ. ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಧಾರಣ ಸಾಲಗಾರನ ಮೇಲೆ ಸಿವಿಲ್ ದಾವೆ, ಕೂಲಿಯವನ ಮೇಲೆ ಕ್ರಿಮಿನಲ್ ಕೇಸು. ಕೂಲಿ ಕೊಡದ ಯಜಮಾನನಿಗೆ ಈ ಕಾಯಿದೆಯಲ್ಲಿ ಸಜೆ ಇರಲಿಲ್ಲ. ಇಸವಿಗಳನ್ನು ಸಾಲಾಗಿಟ್ಟು ನೋಡಿ: ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಕಂಪನಿ ಸರ್ಕಾರ ಸಾರಿದ್ದು 1843ರಲ್ಲಿ, ಕೊಡಗಿನ ಮೊದಲ ದೊಡ್ಡ ತೋಟ 1854ರಲ್ಲಿ, ಈ ಕಾಯಿದೆ 1859ರಲ್ಲಿ. ಆಳನ್ನು ಕೊಳ್ಳುವಂತಿಲ್ಲವೆಂದಾದ 16 ವರ್ಷಕ್ಕೆ ಆಳಿನ ಮುಂಗಡಕ್ಕೆ ಪೊಲೀಸರ ಕಾವಲು ಬಂತು. ಇದನ್ನು ರದ್ದುಮಾಡುವ ಕಾಯಿದೆ 1925ರಲ್ಲಿ ಆಗಿ 1926ರ ಏಪ್ರಿಲಿನಿಂದ ಜಾರಿಗೆ ಬಂತು. 66 ವರ್ಷದ ಕಾಫಿ ಕುಯ್ಲು ಈ ನೆರಳಿನಲ್ಲಿ ನಡೆಯಿತು.

ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂತು. ಅದನ್ನು ಶಾಲೆಯಲ್ಲಿ ಓದಿದವರು, ಬಿ. ವಿ. ಕಾರಂತರ ಸಿನಿಮಾ ನೋಡಿದವರು ಇಲ್ಲಿ ಅನೇಕರಿದ್ದೀರಿ. ಚೋಮನಿಗೆ ಬೇಸಾಯ ಮಾಡುವ ಆಸೆ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಚೋಮನ ಸಾಲ ಯಾವುದು ಎಂದು ಕೇಳಿದರೆ ತಡವರಿಸುತ್ತೇವೆ. ಅದು ಘಟ್ಟದ ಮೇಲಿನ ಕಾಫಿ ತೋಟದ ಸಾಲ. ಅದನ್ನು ತೀರಿಸಲು ಅವನ ಮಕ್ಕಳು ಘಟ್ಟ ಹತ್ತುತ್ತಾರೆ. ಕಾಯಿದೆ ರದ್ದಾಗಿ ಏಳು ವರ್ಷವಾದ ಮೇಲೆ ಬಂದ ಕಾದಂಬರಿ ಅದು. ಮುಂಗಡದ ಹಿಡಿತ ಕಾಯಿದೆಯ ಜೊತೆಗೇ ಹೋಗಲಿಲ್ಲ ಎಂಬುದನ್ನು ಕಾರಂತರು ಕಂಡಿದ್ದರು. ನಾವು ಅದನ್ನು ಜಾತಿಯ ಕಥೆ, ಭೂಮಿಯ ಕಥೆ ಎಂದು ಸರಿಯಾಗಿಯೇ ಓದಿದೆವು, ಆದರೆ ಕಾಫಿಯ ಕಥೆ ಎಂದು ಓದಲಿಲ್ಲ. ಏಜೆಂಟನಿಗೆ ಕೊಡಲು ಬಡ್ಡಿಗೆ ಹಣ ತಂದು, ಮೊದಲೆರಡು ವರ್ಷದ ಸಂಬಳ ಅದಕ್ಕೇ ಸರಿಹೋದ ಗೆಳೆಯರು ಈ ಸಭೆಯಲ್ಲೇ ಇದ್ದಾರೆ. ಅವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಹಣ್ಣಿನ ಪ್ರಯಾಣ ತೋಟದ ಕಣದಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ಸೇರಿಸಬೇಕು. ಒಣಗಿದ ಕಾಫಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರಿನ ಕ್ಯೂರಿಂಗ್ ಮನೆಗಳಿಗೆ, ಇನ್ನೊಂದು ಕಡೆ ಹುಣಸೂರಿಗೆ ಹೋಗುತ್ತಿತ್ತು. ಅಲ್ಲಿ ಸಿಪ್ಪೆ ತೆಗೆದು, ಗಾತ್ರ ನೋಡಿ, ಕಪ್ಪು ಬೀಜ, ಒಡೆದ ಬೀಜ ಆರಿಸಿ ತೆಗೆಯುವ ಕೆಲಸ ಹೆಚ್ಚಾಗಿ ಹೆಂಗಸರದು. ಕರಾವಳಿಯಿಂದ ಬಂದ ನಿಮ್ಮಲ್ಲಿ ಕೆಲವರ ಅಜ್ಜಿಯಂದಿರು ಆ ಸಾಲಿನಲ್ಲಿ ಕೂತಿರಲೂಬಹುದು. ಅಜ್ಜಿ ಇದ್ದಾಗ ಕೇಳಿ ಬರೆದಿಟ್ಟುಕೊಳ್ಳಿ. ಇಂಥ ಚರಿತ್ರೆಗೆ ಬೇರೆ ಕಡತ ಸಿಗುವುದಿಲ್ಲ. ಸೂಯೆಜ್ ಕಾಲುವೆ ತೆರೆಯುವ ಮೊದಲು ಹಡಗು ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಹೋಗುವಾಗ ಬೀಜ ತೇವ ಕುಡಿದು ಉಬ್ಬಿ ಹಳದಿಯಾಗಿ ಬೇರೆಯದೇ ರುಚಿ ಪಡೆಯುತ್ತಿತ್ತು. ಯುರೋಪಿನವರಿಗೆ ಆ ರುಚಿಯೇ ಬೇಕಾಯಿತು. ಈಗ ಮಂಗಳೂರಿನ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಬೀಜ ಹರಡಿ ಆ ಹಳೆಯ ಹಡಗಿನ ರುಚಿಯನ್ನು ತರಿಸುತ್ತಾರೆ, ಮಾನ್ಸೂನ್ಡ್ ಮಲಬಾರ್ ಎಂದು ಮಾರುತ್ತಾರೆ.

ಸ್ವಾತಂತ್ರ್ಯದ ನಂತರದ್ದನ್ನು ಬೇಗ ಹೇಳುತ್ತೇನೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ದೊಡ್ಡ ತೋಟಗಳಲ್ಲಿ ಮನೆ, ಕುಡಿಯುವ ನೀರು, ವೈದ್ಯ, ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇವನ್ನು ಯಜಮಾನನ ಹೊಣೆ ಮಾಡಿತು. ಲೈನುಮನೆಗಳಿಗೆ ಹೆಂಚು ಬಂದದ್ದು, ಹೆರಿಗೆಗೆ ರಜೆ ಬಂದದ್ದು ಸಣ್ಣ ಬದಲಾವಣೆಯಲ್ಲ, ಕಾರ್ಮಿಕ ಸಂಘಗಳು ಅದಕ್ಕಾಗಿ ಹೋರಾಡಿವೆ. ಆದರೆ ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಕಡಿಮೆಯವು; ಅಲ್ಲಿ ಕುಯ್ಲಿಗೆ ಮಾತ್ರ ಬಂದುಹೋಗುವವರಿಗೆ ಈ ಕಾಯಿದೆ ಹೆಚ್ಚೇನೂ ಮಾಡಲಿಲ್ಲ. ಬೆಳೆಗಾರರ ಮಟ್ಟಿಗೆ 1942ರಿಂದ ಕಾಫಿ ಬೋರ್ಡಿನ ಪೂಲ್ ಪದ್ಧತಿ ಇತ್ತು. ಬೆಳೆಯೆಲ್ಲ ಬೋರ್ಡಿಗೆ ಕೊಟ್ಟು ಹಣಕ್ಕೆ ಕಂತಿನ ಮೇಲೆ ಕಂತು ಕಾಯಬೇಕಿತ್ತು. 1990ರ ದಶಕದ ಮಧ್ಯದಲ್ಲಿ ಅದು ಹೋಯಿತು. ಬ್ರೆಜಿಲಿನಲ್ಲಿ 1994ರಲ್ಲಿ ಹಿಮ ಬಿದ್ದು ಬೆಲೆ ಏರಿದಾಗ ಮಲೆನಾಡಿನಲ್ಲಿ ಹೊಸ ಜೀಪುಗಳು ಓಡಾಡಿದವು, ಹೊಸ ಶತಮಾನದ ಆರಂಭದಲ್ಲಿ ಬೆಲೆ ಕುಸಿದಾಗ ಮೊದಲು ಕಡಿತವಾದದ್ದು ಆಳಿನ ಖರ್ಚು.

ಇವತ್ತು ರೋಬಸ್ಟಾ ಬೆಳೆಗಾರರು ಹೂಮಳೆಗೆ ಆಕಾಶ ನೋಡುತ್ತ ಕೂರುವುದು ಕಡಿಮೆ. ಕೆರೆಯಿಂದಲೋ ಹೊಳೆಯಿಂದಲೋ ಪಂಪು ಹಚ್ಚಿ ಸ್ಪ್ರಿಂಕ್ಲರ್ ಹಾಕಿದರೆ ತಮಗೆ ಬೇಕಾದ ವಾರ ಹೂವು ಬಿಡಿಸಬಹುದು. ಹೂವು ಒಟ್ಟಿಗೆ ಬಂದರೆ ಹಣ್ಣು ಒಟ್ಟಿಗೆ, ಕುಯ್ಲಿನ ಸುತ್ತು ಕಡಿಮೆ, ಆಳಿನ ಲೆಕ್ಕವೂ ಸಲೀಸು. ಮಳೆಯನ್ನು ಕೊಂಡುಕೊಂಡ ಹಾಗೆ. ಆದರೆ ಅಕಾಲದ ಮಳೆಯನ್ನು ನಿಲ್ಲಿಸುವ ಪಂಪು ಇಲ್ಲ. ಈಚಿನ ವರ್ಷಗಳಲ್ಲಿ ಕುಯ್ಲಿನ ನಡುವೆಯೇ ಮಳೆ ಬರುವುದು ಮತ್ತೆ ಮತ್ತೆ ಆಗುತ್ತಿದೆ. ಕಣದಲ್ಲಿ ಹರಡಿದ ಕಾಫಿ ನೆನೆಯುತ್ತದೆ, ಹಣ್ಣು ಬಿರಿದು ಉದುರುತ್ತದೆ. ಅದಕ್ಕಿಂತ ಕಷ್ಟವಾದದ್ದು ಗಿಡದ ಮೇಲೆ ನಡೆಯುತ್ತದೆ: ಹಣ್ಣು ಇನ್ನೂ ರೆಂಬೆಯಲ್ಲಿರುವಾಗಲೇ ಮುಂದಿನ ವರ್ಷದ ಮೊಗ್ಗು ಅರಳಿಬಿಡುತ್ತದೆ.

ಇದನ್ನು ಕೊಯ್ಯುವವರು ಈಗ ಬೇರೆಯವರು. ದಕ್ಷಿಣ ಕನ್ನಡದ ಮಕ್ಕಳು ಘಟ್ಟ ಹತ್ತುವುದು ಬಿಟ್ಟು ಸಮುದ್ರ ದಾಟಿದರು, ನೀವು ಇಲ್ಲಿ ಕೂತಿದ್ದೀರಿ. ಬಯಲುಸೀಮೆಯ ಹುಡುಗರು ಬೆಂಗಳೂರಿಗೆ ಹೋದರು. ಕೊಡಗಿನ, ಚಿಕ್ಕಮಗಳೂರಿನ ಲೈನುಮನೆಗಳಲ್ಲಿ ಈಗ ಅಸ್ಸಾಮಿನವರು, ಬಂಗಾಳದವರು, ಜಾರ್ಖಂಡದವರು ಇದ್ದಾರೆ. ಭಾಷೆ ಬಾರದ ಊರು, ರೈಟರ ಕೈಯಲ್ಲಿ ಲೆಕ್ಕದ ಪುಸ್ತಕ, ನಡುವೆ ಒಬ್ಬ ಏಜೆಂಟ. ಅವರ ಬಗ್ಗೆ ನಮ್ಮೂರಿನಿಂದ ಬರುವ ವಾಟ್ಸಾಪ್ ಮಾತುಗಳನ್ನು ನೀವೂ ನೋಡಿರುತ್ತೀರಿ; ಹೊರಗಿನವರು, ನಂಬುವಂತಿಲ್ಲ, ದಾಖಲೆ ಕೇಳಿ ಎಂಬ ಮಾತುಗಳು. ಈ ನಾಡಿನಲ್ಲಿ ನಮ್ಮ ಬಗ್ಗೆ ಅದನ್ನೇ ಆಡಿದರೆ ನಮಗೆ ಹೇಗಾಗುತ್ತದೆ ಎಂದು ನಮಗೆ ಗೊತ್ತು, ಆದರೂ ಮುಂದಕ್ಕೆ ಕಳಿಸುತ್ತೇವೆ.

ಅಕಾಲ ಮಳೆ ಬಿದ್ದ ಜನವರಿಯಲ್ಲಿ ಅವರ ಕೆಲಸ ಏನೆಂದು ಹೇಳಿ ಮುಗಿಸುತ್ತೇನೆ. ಒಂದೇ ರೆಂಬೆಯ ಬುಡದ ಕಡೆ ಕೆಂಪು ಹಣ್ಣಿನ ಗೊಂಚಲು, ತುದಿಯ ಕಡೆ ಆಗಷ್ಟೇ ಅರಳಿದ ಬಿಳಿ ಹೂವು. ರೆಂಬೆ ಜಗ್ಗಿದರೆ ಹೂವು ಉದುರುತ್ತದೆ, ಉದುರಿದರೆ ಬರುವ ವರ್ಷದ ಬೆಳೆ ಅಷ್ಟು ಕಡಿಮೆ, ಮೇಸ್ತ್ರಿ ಬೈಯುತ್ತಾನೆ. ಆದ್ದರಿಂದ ಎಡಗೈಯಲ್ಲಿ ರೆಂಬೆಯನ್ನು ಅಲುಗದಂತೆ ಹಿಡಿದು ಬಲಗೈಯಲ್ಲಿ ಒಂದೊಂದೇ ಹಣ್ಣು ಬಿಡಿಸಬೇಕು. ಹೀಗೆ ಕೊಯ್ದರೆ ಸಂಜೆಗೆ ಚೀಲದಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ಇರುತ್ತದೆ. ಬಹಳ ಕಡೆ ಕೂಲಿ ಕೊಡುವುದು ಕಿಲೋ ಲೆಕ್ಕದಲ್ಲಿ.